ಆಪ್ತಸಲಹೆ ಪ್ರಕರಣ: ‘ಕಾಲೇ ಹೋಗ್ತಾವ್ರಿ’

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಮಾಲರು ಇವರು. ವೈದ್ಯರ ಚಿಕಿತ್ಸೆಯಲ್ಲಿ ಕುಡಿತ ಬಿಟ್ಟು (ದಿನವೂ ಕುಡಿಯುವವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು) ಮೂರು ತಿಂಗಳು ಪತ್ನಿಯ ತವರಿನಲ್ಲಿದ್ದವರು, ಮರಳಿ ಕೆಲಸಕ್ಕೆ ಹೋದ ಮೊದಲ ಶನಿವಾರವೇ ಕುಡಿದಿದ್ದರು. ಹುಲಿಗೆಮ್ಮನ ಮೇಲಿನ ಆಣೆ ಮುರಿದರೆಂಬುದು ಮನೆಯವರ ದೂರು. ಇದೇ ದೂರು ಹೊತ್ತು ಬರುವ ಕುಟುಂಬಗಳು ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಬರೆಯುತ್ತಿದ್ದೇನೆ.

ಎರಡನೆಯ ಭೇಟಿಯಲ್ಲಿ, ತವರಿನಲ್ಲಿ ಕುಡಿಯುವ ಮನಸ್ಸಾಗಿತ್ತೇ ಎಂದು ಕೇಳಿದೆ.

“ಅಲ್ಲಿ ನೆನಪೇ ಆಗ್ಲಿಲ್ರಿ ಮೇಡಂ. ಇಲ್ಲಿ ಬಟವಾಡೆ ರೊಕ್ಕ ಕೈಗೆ ಬಿದ್ದು ಗಿರಣಿ ಗೇಟು ದಾಟಿದ್ರ ನಾ ಹೋಗಂಗಿಲ್ರಿ, ಕಾಲೇ ಹೋಗ್ತಾವ್ರಿ.”

“ನೆಪ ಹೇಳಾಕ ಬಾಳ ಬರ್ತೈತ್ರಿ ಇವರಿಗೆ” ಎಂದು ಪತ್ನಿ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ನಿಖರವಾದ ವರ್ಣನೆಯನ್ನು ನಾನು ಕೇಳಿದ್ದು ಕಡಿಮೆ. ಮೆದುಳು ಸುಖವನ್ನಷ್ಟೇ ನೆನಪಿಡುವುದಿಲ್ಲ. ಅದು ಎಲ್ಲಿ, ಯಾವ ಹೊತ್ತಿನಲ್ಲಿ ದೊರೆಯಿತೆಂಬುದನ್ನು ಹಿಪೊಕ್ಯಾಂಪಸ್ ಎಂಬ ಭಾಗದ ನೆರವಿನಿಂದ ಜೊತೆಗೇ ಹೆಣೆದಿಡುತ್ತದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಚುರುಕಾಗುತ್ತಿದ್ದ, ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು, ಕಲಿಕೆಯಾದ ಮೇಲೆ ರಸದ ಮುನ್ಸೂಚನೆ ಕಂಡೊಡನೆಯೇ ಚುರುಕಾದವು. ಸೂಚನೆ ಬಂದೂ ರಸ ಸಿಗದಿದ್ದರೆ ಅವುಗಳ ಚಟುವಟಿಕೆ ಮಾಮೂಲಿಗಿಂತ ಕೆಳಗಿಳಿಯಿತು. ಇವರ ಪಾಲಿಗೆ ಶನಿವಾರದ ಸಂಜೆ, ಮೈಗಂಟಿದ ತೌಡಿನ ವಾಸನೆ, ಆ ಗೇಟು ಇವೆಲ್ಲ ಅಂಥ ಸೂಚನೆಗಳೇ. ತವರಿನಲ್ಲಿ ಅವು ಯಾವುವೂ ಇರಲಿಲ್ಲ.

ಊರು ಬಿಡಿಸಿ ಎಂದು ಸಂಬಂಧಿಕರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಹೊಟ್ಟೆಪಾಡು ಇಲ್ಲಿದೆ ಎಂಬುದೊಂದು ಕಾರಣ. ಸೂಚನೆಗೂ ಕುಡಿತಕ್ಕೂ ಬೆಸೆದ ಹಳೆಯ ನಂಟು ಅಳಿಯುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ, ಮತ್ತು ಆ ಕಲಿಕೆ ತಾನು ನಡೆದ ಜಾಗಕ್ಕೇ ಹೆಚ್ಚು ಅಂಟಿಕೊಂಡಿರುತ್ತದೆ ಎಂಬುದು ಇನ್ನೊಂದು. ತವರಿನಲ್ಲಿ ಇವರು ಕಲಿತದ್ದು ತವರಿನಲ್ಲಿ ಕುಡಿಯದಿರುವುದನ್ನು ಮಾತ್ರ. ಆದ್ದರಿಂದ ಬಟವಾಡೆಯ ದಿನ ಪತ್ನಿ ಗೇಟಿಗೆ ಬರಬೇಕು, ರೊಕ್ಕ ಅಲ್ಲಿಯೇ ಅವರ ಕೈಸೇರಬೇಕು, ಇವರು ಏನಾದರೂ ತಿಂದು, ಅದೇ ದಾರಿಯಲ್ಲಿ ಇಬ್ಬರೂ ಮನೆಗೆ ನಡೆಯಬೇಕು ಎಂದೆ. ಹಸಿದವನನ್ನು ಅನ್ನದ ಮುಂದೆ ಕೂರಿಸಿದಂತಾಯಿತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಂಟಿಯಾಗಿ, ಜೇಬು ತುಂಬ ರೊಕ್ಕವಿಟ್ಟು ಕಳಿಸಿದ್ದರೆ ಆ ಆಕ್ಷೇಪವನ್ನು ಒಪ್ಪುತ್ತಿದ್ದೆ.

ಮುಂದಿನ ಎರಡು ತಿಂಗಳಲ್ಲಿ ಅವರು ಒಮ್ಮೆ ಕುಡಿದರು. ಯುಗಾದಿಯ ಸಲುವಾಗಿ ಆ ವಾರದ ಬಟವಾಡೆ ಗುರುವಾರವೇ ಆಗಿತ್ತು. ಪತ್ನಿಗೆ ಅದು ತಿಳಿದಿರಲಿಲ್ಲ.