ಕೆತ್ತನೆ ಚಿತ್ರದಲ್ಲಿರುವುದು ನಟನ ಮುಖವೇ?

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಅಚ್ಚಾದ ರಂಗನಟರ ಕೆತ್ತನೆ ಚಿತ್ರಗಳನ್ನು ನೋಡಿ, ಅವರು ನಿಜಕ್ಕೂ ಹೀಗೆಯೇ ಇದ್ದರೆಂದು ನಂಬಬಹುದೇ ಎಂದು ಕೇಳಿದ್ದೀರಿ. ಉಡುಪಿನ ಮಟ್ಟಿಗೆ ಸಾಕಷ್ಟು ನಂಬಬಹುದು. ಮುಖದ ವಿಷಯದಲ್ಲಿ ನಾನು ಅಷ್ಟು ಬೇಗ ಒಪ್ಪುವುದಿಲ್ಲ.

ಮೂಲ ಚಿತ್ರವನ್ನು ಬರೆಯುವವನು ಒಬ್ಬ, ಅದನ್ನು ತಾಮ್ರದ ತಗಡಿಗೆ ಇಳಿಸುವವನು ಸಾಮಾನ್ಯವಾಗಿ ಇನ್ನೊಬ್ಬ. ಈ ಎರಡನೆಯವನು ನಟನನ್ನು ಎದುರಿಗೆ ಕೂರಿಸಿಕೊಂಡು ಕೆಲಸ ಮಾಡುತ್ತಿರಲಿಲ್ಲ. ಚಿತ್ರದ ಕೆಳಗೆ ಎಡತುದಿಯಲ್ಲಿ ಚಿತ್ರಕಾರನ ಹೆಸರೂ ಬಲತುದಿಯಲ್ಲಿ ಕೆತ್ತನೆಗಾರನ ಹೆಸರೂ ಇರುವುದು ವಾಡಿಕೆ. ಪ್ರಕಾಶಕನ ಹೆಸರು ಮತ್ತು ದಿನಾಂಕವನ್ನು ಮುದ್ರಿಸಬೇಕೆಂಬ ನಿಯಮ 1735ರ ಕಾಯಿದೆಯಿಂದ ಬಂದದ್ದು. ಆದರೆ ಆ ದಿನಾಂಕ ಮೊದಲ ಪ್ರಕಟಣೆಯದು. ನಿಮ್ಮ ಕೈಯಲ್ಲಿರುವ ಪ್ರತಿ ಎಷ್ಟೋ ವರ್ಷಗಳ ನಂತರ ಅಚ್ಚಾಗಿರಬಹುದು.

ಮುಖ ಕೆಡುವುದು ಇಲ್ಲಿಯೇ. ಮೆಜೊಟಿಂಟ್ ಎಂಬ ಕೆತ್ತನೆ ವಿಧಾನದಲ್ಲಿ ಹಲ್ಲುಳ್ಳ ಉಪಕರಣದಿಂದ ತಗಡನ್ನೆಲ್ಲ ಒರಟು ಮಾಡಿ, ಬೆಳಕು ಬೇಕಾದಲ್ಲಿ ಕೆರೆದು ನಯಗೊಳಿಸುತ್ತಾರೆ; ಒರಟಾಗಿ ಉಳಿದ ಭಾಗ ಶಾಯಿ ಹಿಡಿದು ನೆರಳಾಗಿ ಮೂಡುತ್ತದೆ. ತಾಮ್ರ ಮೆತ್ತಗಿನ ಲೋಹವಾದ್ದರಿಂದ ಕೆಲವೇ ನೂರು ಪ್ರತಿಗಳಲ್ಲಿ ಆ ಒರಟುತನ ಸವೆದು, ಕೆನ್ನೆ ಮತ್ತು ಕಣ್ಣಿನ ಸುತ್ತಲಿನ ನವಿರು ನೆರಳು ಮಾಸುತ್ತದೆ. ಸವೆದ ತಗಡನ್ನು ಮತ್ತೆ ತಿದ್ದಿಸಿದಾಗ ಬರುವ ಮುಖಭಾವ ತಿದ್ದಿದವನದು. 1820ರ ದಶಕದಲ್ಲಿ ಉಕ್ಕಿನ ತಗಡು ಬಳಕೆಗೆ ಬಂದ ಮೇಲೆ ಪ್ರತಿಗಳ ಸಂಖ್ಯೆ ಹೆಚ್ಚಿತು. ಚಿತ್ರಗಳಿಗೆ ಒಂದು ಬಗೆಯ ತಣ್ಣನೆಯ ನಾಜೂಕು ಬಂದದ್ದೂ ಆಗಲೇ ಎಂದು ನನಗೆ ಅನಿಸುತ್ತದೆ.

ಎಡ್ಮಂಡ್ ಕೀನ್‌ನನ್ನೇ ನೋಡಿ. 1814ರ ಜನವರಿ 26ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಶೈಲಾಕ್‌ನ ಪಾತ್ರ ಮಾಡಿ ಅವನು ಪ್ರಸಿದ್ಧನಾದ. ಅವನು ಕುಳ್ಳ, ಆದರೆ ಒಬ್ಬನೇ ನಿಂತಿರುವ ಚಿತ್ರದಲ್ಲಿ ಎತ್ತರವನ್ನು ಹೋಲಿಸಿ ನೋಡಲು ಪಕ್ಕದಲ್ಲಿ ಯಾರೂ ಇಲ್ಲದಿರುವುದರಿಂದ ಅದು ತಿಳಿಯುವುದೇ ಇಲ್ಲ. ಇನ್ನು, ಬಣ್ಣವಿಲ್ಲದ್ದಕ್ಕೆ ಒಂದು ಪೆನ್ನಿ, ಬಣ್ಣ ಹಚ್ಚಿದ್ದಕ್ಕೆ ಎರಡು ಪೆನ್ನಿಯಂತೆ ಮಾರುತ್ತಿದ್ದ ಅಗ್ಗದ ಹಾಳೆಗಳಲ್ಲಿ ಎಲ್ಲ ವೀರರೂ ಕಾಲು ಅಗಲಿಸಿ, ಕೈ ಚಾಚಿ ಒಂದೇ ಭಂಗಿಯಲ್ಲಿ ನಿಂತಿರುತ್ತಾರೆ. ಅವುಗಳಲ್ಲಿ ಹೋಲಿಕೆಯನ್ನು ಹುಡುಕುವುದು ವ್ಯರ್ಥ. ಕಿರೀಟ, ಕತ್ತಿ, ಮೇಲಂಗಿಗಳನ್ನು ಗಮನಿಸಿದರೆ ಸಾಕು.

ದೊಡ್ಡ ಚಿತ್ರಕಾರನ ಹೆಸರಿದ್ದರೆ ಮುಖ ಖಚಿತವೆಂದೂ ಅಲ್ಲ. ಥಾಮಸ್ ಲಾರೆನ್ಸ್ 1801ರಲ್ಲಿ ಪ್ರದರ್ಶಿಸಿದ, ಹ್ಯಾಮ್ಲೆಟ್ ವೇಷದ ಜಾನ್ ಫಿಲಿಪ್ ಕೆಂಬಲ್ ಚಿತ್ರ ಭವ್ಯವಾಗಿದೆ, ಆದರೆ ಅಲ್ಲಿ ನಟನಿಗಿಂತ ರಾಜಕುಮಾರನೇ ಹೆಚ್ಚು. ನಟರನ್ನು ಪಾತ್ರದ ಉಡುಪಿನಲ್ಲಿ ಚಿತ್ರಿಸುವುದನ್ನೇ ಕಸುಬಾಗಿಸಿಕೊಂಡಿದ್ದ ಸ್ಯಾಮ್ಯುಯೆಲ್ ಡಿ ವೈಲ್ಡ್‌ನನ್ನು ನಾನು ಹೆಚ್ಚು ನೆಚ್ಚುತ್ತೇನೆ. ಅವನ ಅನೇಕ ಮೂಲ ಚಿತ್ರಗಳು ಹಾಸ್ಯನಟ ಚಾರ್ಲ್ಸ್ ಮ್ಯಾಥ್ಯೂಸ್‌ನ ಸಂಗ್ರಹದೊಂದಿಗೆ ಲಂಡನ್ನಿನ ಗ್ಯಾರಿಕ್ ಕ್ಲಬ್ ಸೇರಿವೆ. ನಿಮ್ಮಲ್ಲಿರುವ ಕೆತ್ತನೆಗೆ ಅಲ್ಲಿ ಮೂಲವಿದ್ದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೊದಲು ಕಣ್ಣು ಮತ್ತು ಬಾಯಿಯನ್ನು ಹೋಲಿಸಿ ನೋಡಿ.