ಹಳೇ ಲ್ಯಾಪ್‌ಟಾಪ್ ಇದೆ, ಬಜೆಟ್ ಕಮ್ಮಿ. ಡಿಜಿಟಲ್ ಚಿತ್ರ ಬಿಡಿಸಲು ಏನು ತೆಗೆದುಕೊಳ್ಳಲಿ?

ಇಷ್ಟು ದಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಬಿಡಿಸುತ್ತಿದ್ದೆ, ಈಗ ಹವ್ಯಾಸಕ್ಕೆ ಕಂಪ್ಯೂಟರಿನಲ್ಲಿ ಬಿಡಿಸಬೇಕು, ಮನೆಯಲ್ಲಿರುವುದು 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಅಂದಿದ್ದೀರಿ. ಸ್ಕ್ರೀನ್ ಇರುವ ಟ್ಯಾಬ್ಲೆಟ್ಟೇ ಬೇಕಾ, ಫೋಟೋಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲೇಬೇಕಾ ಅಂತ ನಿಮ್ಮ ಪ್ರಶ್ನೆ. ಎರಡೂ ಬೇಡ. ಲ್ಯಾಪ್‌ಟಾಪ್ ಅದೇ ಇರಲಿ, ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ದುಡ್ಡು ಹಾಕುವುದಾದರೆ ಪೆನ್ ಟ್ಯಾಬ್ಲೆಟ್‌ಗೆ ಮಾತ್ರ ಹಾಕಿ, ಅಂದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮೇಜಿನ ಮೇಲಿಟ್ಟು ಅದರದೇ ಪೆನ್ನಿನಿಂದ ಬಿಡಿಸುವ ಹಲಗೆ. ನಾನೂ ನಿಮ್ಮ ಹಾಗೇ, ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಗೀಚುವವನು.

ಸ್ಕ್ರೀನ್ ಇಲ್ಲದ ಸಣ್ಣ ಟ್ಯಾಬ್ಲೆಟ್ ಸಾಕು. ವಾಕಮ್, ಹ್ಯೂಯಾನ್, ಎಕ್ಸ್‌ಪಿ-ಪೆನ್, ಮೂರರಲ್ಲೂ ಶುರು ಮಾಡುವವರಿಗೆ ಅಂತಲೇ ಕಮ್ಮಿ ಬೆಲೆಯವು ಇವೆ. ಬಿಡಿಸುವ ಜಾಗ 6 ಇಂಚಿಗೆ 4 ಇಂಚು ಇದ್ದರೂ ನಡೆಯುತ್ತದೆ. ಭುಜದಿಂದ ಕೈ ಬೀಸಿ ದೊಡ್ಡ ಗೆರೆ ಎಳೆಯುವ ಅಭ್ಯಾಸವಿದ್ದರೆ ಮಾತ್ರ ಇನ್ನೊಂದು ಸೈಜ್ ದೊಡ್ಡದು ನೋಡಿ. ಡಬ್ಬಿಯ ಮೇಲೆ ಪ್ರೆಶರ್ ಲೆವೆಲ್ (ಪೆನ್ ಒತ್ತುವ ಬಲದಲ್ಲಿ ಎಷ್ಟು ಹಂತ ಗುರುತಿಸುತ್ತದೆ ಅನ್ನುವುದು) 4096, 8192 ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದಕ್ಕೆ ಮರುಳಾಗಬೇಡಿ. 2048 ದಾಟಿದ ಮೇಲೆ ನನ್ನ ಕೈಗಂತೂ ವ್ಯತ್ಯಾಸ ಗೊತ್ತಾಗಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದು, ಆದರೆ ಜೊತೆಗೆ ಪೆನ್ ಇದೆಯಾ ನೋಡಿ. ನನ್ನ ಮೊದಲನೆಯದು ಹಳೆಯದೇ, ಪೆನ್ ಕಳೆದುಹೋಗಿತ್ತು. "ಯಾವ ಪೆನ್ ಆದರೂ ಆಗುತ್ತೆ" ಅಂದರು ಮಾರಿದವರು. ನಾನೂ ನಂಬಿದೆ. ಇಂಥ ಹೆಚ್ಚಿನ ಪೆನ್ನುಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ. ಟ್ಯಾಬ್ಲೆಟ್ ಹೊರಡಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿಗೆ ಶಕ್ತಿ. ಹಾಗಾಗಿ ಅದಕ್ಕೆ ಹೊಂದುವ ಪೆನ್ನೇ ಬೇಕು. ಬೇರೆ ತರಿಸಿಕೊಳ್ಳುವ ಹೊತ್ತಿಗೆ, ಹೊಸ ಟ್ಯಾಬ್ಲೆಟ್ಟನ್ನೇ ಕೊಂಡಿದ್ದರೆ ಆಗುತ್ತಿತ್ತಲ್ಲ ಅನ್ನಿಸಿತು.

ಮೊದಮೊದಲು ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಣ್ಣು ಸ್ಕ್ರೀನ್ ಮೇಲೆ, ಕೈ ಮೇಜಿನ ಮೇಲೆ. ಎರಡಕ್ಕೂ ದೋಸ್ತಿ ಆಗಲು ನನಗೆ ಎರಡು ವಾರ ಹಿಡಿಯಿತು. ಮೊದಲ ದಿನ ಒಂದು ವೃತ್ತ ಎಳೆದರೆ ಸ್ಕ್ರೀನ್ ಮೇಲೆ ಮೊಟ್ಟೆ ಅಡ್ಡ ಮಲಗಿಕೊಂಡಿತ್ತು. ಮತ್ತೆ ಎಳೆದೆ, ಮತ್ತೆ ಮೊಟ್ಟೆ. ಒಂದು ಪುಟ ತುಂಬ ಮೊಟ್ಟೆ ಇಟ್ಟೆ. ಕುಣಿಯಲಾರದವರಿಗೆ ನೆಲ ಡೊಂಕು ಅಂತಾರಲ್ವಾ, ಇಲ್ಲಿ ನಿಜಕ್ಕೂ ನೆಲವೇ ಡೊಂಕಾಗಿತ್ತು! ಟ್ಯಾಬ್ಲೆಟ್‌ನ ಅಗಲ-ಎತ್ತರದ ಅನುಪಾತ 4:3, ನನ್ನ ಸ್ಕ್ರೀನಿನದು 16:9. ಡ್ರೈವರ್ (ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ) ಸುಮ್ನೆ ಇಡೀ ಟ್ಯಾಬ್ಲೆಟ್ಟನ್ನು ಇಡೀ ಸ್ಕ್ರೀನಿಗೆ ಎಳೆದು ಹೊಂದಿಸಿಬಿಟ್ಟಿತ್ತು. ಹಾಗಾದಾಗ ವೃತ್ತ ಮೂರನೇ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ಡ್ರೈವರ್ ಸೆಟ್ಟಿಂಗಿನಲ್ಲಿ ಸ್ಕ್ರೀನಿನ ಅನುಪಾತವನ್ನೇ ಕಾಪಾಡು ಅನ್ನುವ ಥರದ ಒಂದು ಆಯ್ಕೆ ಇರುತ್ತದೆ. ಟಿಕ್ ಹಾಕಿ. ಟ್ಯಾಬ್ಲೆಟ್‌ನ ಒಂದು ಪಟ್ಟಿ ಕೆಲಸಕ್ಕೆ ಬಾರದೆ ಹೋಗುತ್ತದೆ, ಹೋಗಲಿ.

ಇನ್ನು ಸಾಫ್ಟ್‌ವೇರ್. ಕೃತಾ ಹಾಕಿಕೊಳ್ಳಿ. ಕೆಡಿಇ ಅನ್ನುವ ತಂತ್ರಾಂಶ ಸಮುದಾಯದವರು ಕಟ್ಟಿದ ಮುಕ್ತ ತಂತ್ರಾಂಶ, ಚಿತ್ರ ಬಿಡಿಸುವುದಕ್ಕೆಂದೇ ಇರುವುದು. ಅವರ ಸ್ವಂತ ಸೈಟಿನಲ್ಲಿ ಉಚಿತ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೇಳುತ್ತದೆ, ಅದೂ ಇದೇ ಕೃತಾ, ಆ ಹಣ ಅದನ್ನು ಬೆಳೆಸುವುದಕ್ಕೆ ಹೋಗುತ್ತದೆ. ಪೆನ್ಸಿಲ್, ಇಂಕ್, ಜಲವರ್ಣದ ಥರದ ಬ್ರಷ್‌ಗಳು ಜೊತೆಗೇ ಬರುತ್ತವೆ. ಕೈ ನಡುಗುತ್ತದೆ ಅಂದರೆ ಸ್ಟೆಬಿಲೈಸರ್ ಹಾಕಿ, ಗೆರೆ ಸ್ವಲ್ಪ ಹಿಂದೆ ಹಿಂದೆ ಬಂದರೂ ನಯವಾಗಿ ಬರುತ್ತದೆ. ನಾನು ದಿನಾ ಬಳಸುವುದು ಎಂ ಕೀ. ಒತ್ತಿದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ. ಅರ್ಧ ಗಂಟೆಯಿಂದ ಚೆನ್ನಾಗಿದೆ ಅಂದುಕೊಂಡ ಮುಖದಲ್ಲಿ ಒಂದು ಕಣ್ಣು ಜಾರಿ ಕೆನ್ನೆಗೆ ಬಂದಿರುವುದು ಆಗಲೇ ಕಾಣುವುದು. ವಿಂಡೋಸ್‌ನಲ್ಲಿ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುತ್ತಿದ್ದರೆ ಪೆನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೃತಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಪೆನ್ನಿನ ಮಾಹಿತಿ ಪಡೆಯುವ ಎರಡು ದಾರಿ ಇವೆ, ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ, ಕೃತಾ ಮುಚ್ಚಿ ತೆರೆಯಿರಿ. ಹೆಚ್ಚಿನ ಸಲ ಸರಿಹೋಗುತ್ತದೆ.

ಗಿಂಪ್ ಫೋಟೋ ತಿದ್ದುವುದಕ್ಕೆ ಒಳ್ಳೆಯದು, ಬಿಡಿಸಲು ನನಗೆ ಒಗ್ಗಲಿಲ್ಲ. ಲೋಗೋ, ಅಕ್ಷರ ವಿನ್ಯಾಸ ಅಂದರೆ ಇಂಕ್‌ಸ್ಕೇಪ್. ಕಾಮಿಕ್ಸ್ ಹುಚ್ಚು ಹಿಡಿದರೆ ಕ್ಲಿಪ್ ಸ್ಟುಡಿಯೋ ಪೇಂಟ್‌ಗೆ ದುಡ್ಡು ಕೊಡಬಹುದು, ಕಂಪ್ಯೂಟರಿಗಾದರೆ ಒಂದೇ ಸಲ ಕೊಳ್ಳುವ ಆಯ್ಕೆ ಇದೆ. ಪ್ರೊಕ್ರಿಯೇಟ್ ಅಂತ ಎಲ್ಲರೂ ಹೊಗಳುತ್ತಾರೆ, ಅದು ಐಪ್ಯಾಡ್‌ನಲ್ಲಿ ಓಡುವಂಥದ್ದು. ಅದಕ್ಕೋಸ್ಕರ ಐಪ್ಯಾಡ್ ಕೊಳ್ಳುವುದು ನಿಮ್ಮ ಬಜೆಟ್ಟಿನ ಮಾತಲ್ಲ.

8 ಜಿಬಿ ಸಾಕಾ? ಲೆಕ್ಕ ಹಾಕಿ ನೋಡಿ. ಪ್ರಿಂಟ್ ಹಾಕಿಸುವ ಎ4 ಚಿತ್ರ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 2480 × 3508 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ 4 ಬೈಟ್, ಅಲ್ಲಿಗೆ ಪೂರ್ತಿ ತುಂಬಿದ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಸುಮಾರು 35 ಎಂಬಿ. 20 ಲೇಯರ್ ಇಟ್ಟರೂ 700 ಎಂಬಿ, ಅದರ ಮೇಲೆ ಅನ್‌ಡೂ ನೆನಪಿಡಲು ಇನ್ನೊಂದಿಷ್ಟು. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಡದಿದ್ದರೆ ಆರಾಮ. ಮುಂದೆ ಎಂದಾದರೂ ದುಡ್ಡು ಉಳಿದರೆ ರ‍್ಯಾಮ್ ಜಾಸ್ತಿ ಮಾಡಿಸಿ, ಗ್ರಾಫಿಕ್ಸ್ ಕಾರ್ಡ್ ಆಸೆ ಬಿಡಿ. ಇನ್ನೊಂದು, ಹಳೇ ಲ್ಯಾಪ್‌ಟಾಪಿನ ಸ್ಕ್ರೀನ್ ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ನಾನು ಸಂಜೆ ಅಂತ ಬಿಡಿಸಿದ್ದು ಫೋನಿನಲ್ಲಿ ನಡುರಾತ್ರಿ ಆಗಿತ್ತು. ಯಾರಿಗಾದರೂ ಕಳಿಸುವ ಮುಂಚೆ ಫೋನಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಟ್ಯಾಬ್ಲೆಟ್ಟಿಗೂ ಈಗ ದುಡ್ಡಿಲ್ಲ ಅಂದರೆ ಫೋನಿನಲ್ಲಿ ಐಬಿಸ್ ಪೇಂಟ್ ಅನ್ನುವ ಚಿತ್ರ ಬಿಡಿಸುವ ಆ್ಯಪ್ ಹಾಕಿಕೊಂಡು ಬೆರಳಲ್ಲೇ ಶುರು ಮಾಡಿ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಕೊಳ್ಳಬೇಡಿ, ಅದಕ್ಕೆ ಪ್ರೆಶರ್ ಗೊತ್ತಾಗುವುದಿಲ್ಲ, ಬೆರಳಿಗಿಂತ ಹೆಚ್ಚಿನದೇನೂ ಮಾಡುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಇರುವುದು ವಿಂಡೋಸೋ ಲಿನಕ್ಸೋ ನೀವು ಹೇಳಿಲ್ಲ. ಲಿನಕ್ಸ್ ಆದರೆ ವಾಕಮ್ ಕಡೆ ವಾಲಿ. ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ, ಸಾಮಾನ್ಯವಾಗಿ ಯುಎಸ್‌ಬಿ ಸಿಕ್ಕಿಸಿದರೆ ಸಾಕು.