ಫ್ರಂಟ್ ಲೋಡ್ ವಾಷರ್, ಡ್ರೈಯರ್ ಬೇರೆ ಬೇರೆ ತಗೊಳ್ಳೋದಾ, ಎರಡೂ ಸೇರಿರುವ ಒಂದೇ ಮೆಷಿನ್ ಸಾಕಾ?

ಮಂಗಳೂರಿನ ಫ್ಲಾಟ್, ನಾಲ್ಕು ಜನ, ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಇಲ್ಲ ಅಂತ ಬರೆದಿದ್ದೀರಿ. ಜಾಗ ಇದ್ದರೆ ಬೇರೆ ಬೇರೆಯೇ ತಗೊಳ್ಳಿ.

ಎರಡೂ ಸೇರಿರುವ ಮೆಷಿನ್ ಒಗೆದಷ್ಟು ಬಟ್ಟೆಯನ್ನು ಒಂದೇ ಸಲ ಒಣಗಿಸುವುದಿಲ್ಲ. 8 ಕೆಜಿ ಒಗೆಯುವಂಥದ್ದು ಸಾಮಾನ್ಯವಾಗಿ ಒಣಗಿಸುವುದು 5 ಕೆಜಿ ಆಸುಪಾಸು. ಅಂದರೆ ತುಂಬಾ ಒಗೆದರೆ ಒಂದಷ್ಟು ಒದ್ದೆ ಬಟ್ಟೆ ಹೊರಗೆ ತೆಗೆದಿಡಬೇಕು. ಒಣಗುವ ಗಂಟೆಗಟ್ಟಲೆ ಹೊತ್ತು ಮುಂದಿನ ಲೋಡ್ ಕಾಯಬೇಕು. ಸುಮಾರು ಮಾಡೆಲ್‌ಗಳು ಒಣಗಿಸುವಾಗಲೂ ನೀರು ಎಳೆಯುತ್ತವೆ! ಅಂಗಡಿಯಲ್ಲಿ ಇದನ್ನೆಲ್ಲ ತಾವಾಗಿ ಹೇಳುವುದು ಕಡಿಮೆ, ಕೇಳಿ ತಿಳಿದುಕೊಳ್ಳಿ.

ಡ್ರೈಯರ್‌ನಲ್ಲಿ ಮೂರು ಬಗೆ: ವೆಂಟೆಡ್, ಕಂಡೆನ್ಸರ್, ಹೀಟ್ ಪಂಪ್. ವೆಂಟೆಡ್ ಅಗ್ಗ, ಆದರೆ ಬಿಸಿ ಹಬೆಯನ್ನು ಪೈಪಿನಲ್ಲಿ ಹೊರಗೆ ಬಿಡಬೇಕು. ಕಂಡೆನ್ಸರ್‌ಗೆ ಆ ಪೈಪ್ ಬೇಡ. ಟ್ಯಾಂಕಿನಲ್ಲಿ ಕೂಡುವ ನೀರು ಚೆಲ್ಲಿದರೆ ಆಯಿತು. ಹೀಟ್ ಪಂಪ್ ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಒಣಗಿಸುತ್ತದೆ. ಬಟ್ಟೆಗೂ ಒಳ್ಳೆಯದು, ಕರೆಂಟೂ ತುಂಬಾ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬಳಸುವುದಾದರೆ ಕಂಡೆನ್ಸರ್ ಸಾಕು ಅನ್ನುವುದು ನನ್ನ ಲೆಕ್ಕ. ವರ್ಷವಿಡೀ ಅಂದರೆ ಹೀಟ್ ಪಂಪ್.

ವಾಷರ್ ನಿಮಿಷಕ್ಕೆ 1200 ಅಥವಾ 1400 ಸುತ್ತು ತಿರುಗುವಂಥದ್ದಿರಲಿ. ಚೆನ್ನಾಗಿ ಹಿಂಡಿದ ಬಟ್ಟೆ ಬೇಗ ಒಣಗುತ್ತದೆ, ಅಲ್ವಾ? ಒಂದರ ಮೇಲೊಂದು ಇಡುವುದಾದರೆ ವಾಷರ್ ಕೆಳಗೆ, ಡ್ರೈಯರ್ ಅದರ ಮೇಲಿರಲಿ, ನಡುವೆ ಕಂಪನಿಯ ಸ್ಟ್ಯಾಕಿಂಗ್ ಕಿಟ್ (ಎರಡನ್ನೂ ಜೋಡಿಸಿ ಹಿಡಿದಿಡುವ ಚೌಕಟ್ಟು) ಹಾಕಿಸಿ. ಎರಡಕ್ಕೂ ಬೇರೆ ಬೇರೆ ಪವರ್ ಸಾಕೆಟ್ ಬೇಕು. ಒಗೆದಾದ ಮೇಲೆ ವಾಷರ್ ಬಾಗಿಲನ್ನು ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಆ ಹವೆಯಲ್ಲಿ ರಬ್ಬರ್‌ಗೆ ಬೂಷ್ಟು ಬರುತ್ತದೆ.